ತಾನು ಮೊಟ್ಟೆಯಿಡದೆ ದುಡಿಯುವ ಕಣಜ



ಚಿಕ್ಕಬಳ್ಳಾಪುರದ ಹತ್ತಿರವಿರುವ ಮುದ್ದೇನಹಳ್ಳಿ ಎಂದೊಡನೆ ನಿಮಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಎಂಬುದು ನೆನಪಾಗುತ್ತದೆ. ಅಲ್ಲಿಗೆ ಹೋದಾಗಲೋ ನಿಮ್ಮ ಊರಿನಲ್ಲೋ, ಹಳೆಯ ಮನೆಯ ಸೂರಿನಡಿ, ಶಾಲೆಯ ಕಿಟಕಿಯ ಮೂಲೆಯಲ್ಲಿ ಒಮ್ಮೆ ಕಣ್ಣಾಡಿಸಿ. ಕಾಗದದಿಂದ ಮಾಡಿದಂತಿರುವ ಪುಟ್ಟ ಗೂಡು, ಅದರ ಮೇಲೆ ಓಡಾಡುವ ಕೆಂಗಂದು ಬಣ್ಣದ ಹುಳುಗಳು ಕಾಣಬಹುದು. ಇವೇ ಕಣಜದ ಹುಳುಗಳು. ಕಡಜ ಎಂದೂ ಕರೆಯುತ್ತಾರೆ. ಕುಟುಕುತ್ತವೆಂದು ಹೆದರಿ ನಾವು ಇವನ್ನು ಸುಟ್ಟುಬಿಡುವುದೇ ಹೆಚ್ಚು. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ರಾಘವೇಂದ್ರ ಗದಗ್ಕರ್ ಅವರು ಇಂಥ ಗೂಡುಗಳ ಮುಂದೆ ಹಲವು ದಶಕ ಕುಳಿತು, ಜೀವವಿಕಾಸದ ಒಂದು ಕಠಿಣ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ.

ಪ್ರಶ್ನೆ ಏನು?

ಹೆಚ್ಚು ಸಂತಾನವನ್ನು ಬಿಟ್ಟುಹೋಗುವ ಜೀವಿಯ ಗುಣಗಳು ಮುಂದಿನ ಪೀಳಿಗೆಗಳಲ್ಲಿ ಹೆಚ್ಚುತ್ತವೆ. ಇದು ಡಾರ್ವಿನ್ 1859ರಲ್ಲಿ ವಿವರಿಸಿದ ನಿಸರ್ಗದ ಆಯ್ಕೆ. ಹಾಗಾದರೆ ತಾನು ಸಂತಾನ ಪಡೆಯದೆ, ಬೇರೊಬ್ಬರ ಮರಿಗಳಿಗಾಗಿ ದುಡಿಯುವ ಗುಣ ಅಳಿಯದೆ ಉಳಿದದ್ದು ಹೇಗೆ?

ಗದಗ್ಕರ್ ಅವರು ಆರಿಸಿಕೊಂಡ ಕಣಜದ ಹೆಸರು ರೋಪಾಲಿಡಿಯ ಮಾರ್ಜಿನೇಟ. ಜೇನುಗೂಡಿನಲ್ಲಿ ರಾಣಿಯ ದೇಹವೇ ಬೇರೆ, ಕೆಲಸಗಾರರ ದೇಹವೇ ಬೇರೆ. ಈ ಕಣಜದಲ್ಲಿ ಹಾಗಿಲ್ಲ. ರಾಣಿಯೂ ಕೆಲಸಗಾರಳೂ ನೋಡಲು ಒಂದೇ. ಹೆಣ್ಣು ಕಣಜ ಒಂಟಿಯಾಗಿ ಹೋಗಿ ತನ್ನದೇ ಗೂಡು ಕಟ್ಟಬಲ್ಲದು. ಆದರೂ ಬಹಳಷ್ಟು ಹೆಣ್ಣುಗಳು ಇದ್ದಲ್ಲೇ ಉಳಿದು ರಾಣಿಯ ಮರಿಗಳನ್ನು ಸಾಕುತ್ತವೆ. ಏಕೆ?

ರಕ್ತಸಂಬಂಧ ಸಾಕೆ?

1964ರಲ್ಲಿ ಇಂಗ್ಲೆಂಡಿನ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ ಒಂದು ಉತ್ತರ ಕೊಟ್ಟರು. ನಮ್ಮ ವಂಶವಾಹಿಗಳು ನಮ್ಮ ಬಂಧುಗಳಲ್ಲೂ ಇರುತ್ತವೆ. ಬಂಧುಗಳನ್ನು ಸಾಕಿದರೂ ಅವು ಮುಂದಿನ ಪೀಳಿಗೆಗೆ ಸಾಗುತ್ತವೆ. ಕಣಜಗಳಲ್ಲಿ ಒಂದೇ ತಂದೆತಾಯಿಯ ಅಕ್ಕತಂಗಿಯರ ನಡುವಿನ ಸಂಬಂಧ ಮುಕ್ಕಾಲು ಪಾಲು, ತಾಯಿ ಮಗಳ ನಡುವೆ ಅರ್ಧ ಪಾಲು. ಅಂದಮೇಲೆ ಮಗಳಿಗಿಂತ ತಂಗಿಯನ್ನು ಸಾಕುವುದೇ ಲಾಭ!

ಆದರೆ ಗದಗ್ಕರ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿದಾಗ, ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತದೆಂದು ತಿಳಿಯಿತು. ರಾಣಿಯರೂ ಬದಲಾಗುತ್ತಿರುತ್ತಾರೆ. ಹೀಗಾಗಿ ಕೆಲಸಗಾರಳು ಸಾಕುವ ಮರಿಗಳಲ್ಲಿ ಮಲತಂಗಿಯರೂ ದೂರದ ನೆಂಟರೂ ಸೇರಿರುತ್ತಾರೆ. ಮುಕ್ಕಾಲು ಪಾಲಿನ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಒಂಟಿತನದ ನಷ್ಟ

ಈಗ ಎರಡು ಸಂಖ್ಯೆಗಳನ್ನು ಗಮನಿಸಿ. ಮೊಟ್ಟೆ ಬೆಳೆದು ರೆಕ್ಕೆಯ ಹುಳುವಾಗಲು ಸುಮಾರು 62 ದಿನ ಬೇಕು. ಕೆಲಸಗಾರಳ ಸರಾಸರಿ ಆಯುಸ್ಸು ಸುಮಾರು 27 ದಿನ ಮಾತ್ರ! ಒಂಟಿ ತಾಯಿ ನಡುವೆ ಸತ್ತರೆ ಅವಳ ಮರಿಗಳೆಲ್ಲ ಸತ್ತಂತೆಯೇ. ಗುಂಪಿನಲ್ಲಿ ಹಾಗಲ್ಲ. ಕೂಡುಕುಟುಂಬದ ರಾಗಿ ಹೊಲವನ್ನು ನೆನೆಯಿರಿ. ಉತ್ತವನು ಹಾಸಿಗೆ ಹಿಡಿದರೂ ಉಳಿದವರು ಬಿತ್ತಿ, ಕಳೆ ತೆಗೆದು, ಬೆಳೆ ಮನೆಗೆ ತರುತ್ತಾರೆ; ಅವನ ದುಡಿಮೆ ವ್ಯರ್ಥವಾಗುವುದಿಲ್ಲ. ಹಾಗೆಯೇ ಕೆಲಸಗಾರಳು ಹತ್ತೇ ದಿನ ಬದುಕಿದರೂ ಆ ಹತ್ತು ದಿನದ ಫಲ ಉಳಿಯುತ್ತದೆ. ಸಹಕಾರಕ್ಕೆ ಇದೊಂದು ಬಲವಾದ ಕಾರಣವೆಂದು ಗದಗ್ಕರ್ 1990ರಲ್ಲಿ ವಾದಿಸಿದರು.

ಇನ್ನೊಂದು ಕಾರಣವೂ ಉಂಟು. ಕೆಲಸಗಾರಳು ಮುಂದೆ ತಾನೇ ರಾಣಿಯಾಗಬಹುದು. ಈ ಕಣಜದ ರಾಣಿ ಬಲು ಸಾಧು. ಯಾರನ್ನೂ ಹೊಡೆದು ಆಳುವುದಿಲ್ಲ. ಅವಳನ್ನು ಗೂಡಿನಿಂದ ತೆಗೆದರೆ ಕೆಲವೇ ನಿಮಿಷಗಳಲ್ಲಿ ಒಬ್ಬ ಕೆಲಸಗಾರಳು ಆವೇಶದಿಂದ ಎದ್ದು ನಿಲ್ಲುತ್ತಾಳೆ. ಉಳಿದವರು ಎದುರಾಡದೆ ಒಪ್ಪುತ್ತಾರೆ. ಮುಂದಿನ ರಾಣಿ ಯಾರೆಂದು ನಮಗೆ ಮೊದಲೇ ಹೇಳಲಾಗದು. ಕಣಜಗಳಿಗೆ ಮಾತ್ರ ಗೊತ್ತಿರುವಂತೆ ಕಾಣುತ್ತದೆ.

ನೀವೂ ನೋಡಿ

ಈ ಸಂಶೋಧನೆಯ ಮುಖ್ಯ ಉಪಕರಣಗಳು ಯಾವುವು ಗೊತ್ತೆ? ಒಂದೊಂದು ಕಣಜವನ್ನೂ ಗುರುತಿಸಲು ಮೈಮೇಲೆ ಇಟ್ಟ ಬಣ್ಣದ ಚುಕ್ಕೆ, ನೋಟ್ ಪುಸ್ತಕ, ಗಡಿಯಾರ ಮತ್ತು ತಾಳ್ಮೆ. ಚುಕ್ಕೆ ಇಡುವ ಕೆಲಸ ನಿಮಗೆ ಬೇಡ. ಗೂಡಿನಿಂದ ಸಾಕಷ್ಟು ದೂರ ನಿಂತು, ಅದನ್ನು ಕೆಣಕದೆ, ದಿನಕ್ಕೆ ಅರ್ಧ ಗಂಟೆ ಗಮನಿಸಿ. ಯಾರು ಆಹಾರ ತರುತ್ತಾರೆ? ಯಾರು ಜಗಳವಾಡುತ್ತಾರೆ? ಯಾರು ಸುಮ್ಮನೆ ಕೂತಿರುತ್ತಾರೆ? ಬರೆದಿಡಿ. ಸುಮ್ಮನೆ ಕೂತವಳೇ ರಾಣಿಯಾಗಿದ್ದಾಳು!