ಆರು ಮಾತೃಕೆಗಳು, ಮುಗಿಯದ ಸೂತ್ರಗಳು

ಮೂರು ಪದಗಳನ್ನು ಸಾಲಾಗಿ ಜೋಡಿಸುವಾಗ ಮೊದಲೆರಡನ್ನು ಮುಂಚೆ ಕೂಡಿಸಿದರೂ ಕೊನೆಯೆರಡನ್ನು ಮುಂಚೆ ಕೂಡಿಸಿದರೂ ದೊರೆಯುವ ಸಾಲು ಒಂದೇ. ಇಂತಹ ಜೋಡಣೆಯುಳ್ಳ ಗಣವನ್ನು ಬೀಜಗಣಿತದಲ್ಲಿ ಸೆಮಿಗ್ರೂಪ್ ಎನ್ನುತ್ತಾರೆ. ಅದರ ಎಲ್ಲ ಅಂಶಗಳಿಗೂ ಸಲ್ಲುವ ಸಮೀಕರಣಗಳು ಅಸಂಖ್ಯ. ಕೇಶಿರಾಜನು ಭಾಷೆಯ ಅಪಾರ ಪ್ರಯೋಗಗಳನ್ನು ಎಣಿಕೆಗೆ ಸಿಗುವ ಸೂತ್ರಗಳಲ್ಲಿ ಹಿಡಿದಂತೆ, ಅವೆಲ್ಲವನ್ನೂ ಕೆಲವೇ ಸಮೀಕರಣಗಳಿಂದ ಪಡೆಯಬಹುದೇ?

ಗಣವು ಪರಿಮಿತವಾದರೆ ಸೂತ್ರಗಳೂ ಪರಿಮಿತವೆಂದು ಭಾವಿಸುವುದು ಸಹಜ. ಪ್ರತಿ ಅಂಶಕ್ಕೂ ವಿಲೋಮವಿರುವ ಪರಿಮಿತ ಗ್ರೂಪ್‌ಗಳಲ್ಲಿ ಇದು ನಿಜವೆಂದು ಶೀಲಾ ಓಟ್ಸ್ ಮತ್ತು ಪೊವೆಲ್ 1964ರಲ್ಲಿ ಸಾಧಿಸಿದರು. ಸೆಮಿಗ್ರೂಪ್‌ಗಳಲ್ಲಿ ಹಾಗಲ್ಲ. 1969ರಲ್ಲಿ ಪೀಟರ್ ಪರ್ಕಿನ್ಸ್ ಆಯ್ದದ್ದು ಎರಡು ಅಡ್ಡಸಾಲು, ಎರಡು ಕಂಬಸಾಲುಗಳ ಆರು ಮಾತೃಕೆಗಳನ್ನು: ಶೂನ್ಯ ಮಾತೃಕೆ, ಏಕಮಾನ ಮಾತೃಕೆ, ಒಂದೆಡೆ ಮಾತ್ರ 1 ಇದ್ದು ಉಳಿದೆಡೆ ಸೊನ್ನೆಯಿರುವ ನಾಲ್ಕು. ಇವುಗಳ ಗುಣಾಕಾರ ಕೋಷ್ಟಕ 36 ಮನೆಗಳದು. ಪುಟದ ಮೂಲೆಯಲ್ಲಿ ಅಡಗುವಷ್ಟು. ಯಾವ ಮಾತೃಕೆಯನ್ನು ಹಿಡಿದರೂ ಅದರ ವರ್ಗವೂ ಘನವೂ ಒಂದೇ ಎಂಬುದು ಇಲ್ಲಿನ ಒಂದು ಸಮೀಕರಣ. ಇಂಥವನ್ನು ಎಷ್ಟು ಪಟ್ಟಿ ಮಾಡಿದರೂ, ಇನ್ನೂ ಹೆಚ್ಚು ಚರಾಕ್ಷರಗಳ ಮತ್ತೊಂದು ಸಮೀಕರಣವು ಆ ಪಟ್ಟಿಯಿಂದ ಹೊಮ್ಮದೆ ಹೊರಗೆ ಉಳಿಯುತ್ತದೆ.

ಅಂಶಗಳ ಕ್ರಮ ಬದಲಿಸಿದರೂ ಫಲ ಬದಲಾಗದ ಸೆಮಿಗ್ರೂಪ್‌ಗಳಲ್ಲಿ ಈ ತೊಡಕಿಲ್ಲವೆಂದು ತೋರಿಸಿದವರೂ ಪರ್ಕಿನ್ಸ್ ಅವರೇ. ಐದು ಅಥವಾ ಅದಕ್ಕಿಂತ ಕಡಿಮೆ ಅಂಶಗಳಿದ್ದರೂ ತೊಡಕಿಲ್ಲ. ಕೋಷ್ಟಕವೊಂದನ್ನು ಕೊಟ್ಟರೆ ಅದಕ್ಕೆ ಪರಿಮಿತ ಸೂತ್ರಗಳು ಸಾಕೇ ಎಂದು ನಿರ್ಣಯಿಸುವ ಯಾಂತ್ರಿಕ ವಿಧಾನ ಎಲ್ಲ ಬಗೆಯ ಪರಿಮಿತ ಬೀಜಗಣಿತೀಯ ರಚನೆಗಳಿಗೂ ಸಲ್ಲುವಂತೆ ಇರಲಾರದೆಂದು ರಾಲ್ಫ್ ಮೆಕೆಂಜಿ 1996ರಲ್ಲಿ ಸಾಧಿಸಿದರು. ಸೆಮಿಗ್ರೂಪ್‌ಗಳಿಗೆ ಮಾತ್ರ ಅನ್ವಯಿಸುವ ವಿಧಾನವಾದರೂ ಇದೆಯೇ ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ.