ದನಗಳ ಕಣ್ಣಿನ ಬಾವೂ ಆ ಮೇಲೆ ನಿಲ್ಲುವ ಬಿಳುಪೂ

ದನದ ಕಣ್ಣು ಊದಿ ಇಳಿದ ಮೇಲೆ ಕರಿಗುಡ್ಡೆಯ ಮೇಲೆ ಬಿಳುಪು ಕಂಡರೆ ರೈತರು ಅದನ್ನು ‘ಹೂ ಬಿದ್ದಿತು’ ಎನ್ನುವರು. ಈ ಬಿಳುಪು ಒಂದೇ ಬಗೆಯದಲ್ಲ. ಕೆಲವು ತಾನಾಗಿ ತಿಳಿಯಾಗುವುದು. ಕೆಲವು ದನವು ಬದುಕಿರುವವರೆಗೂ ನಿಲ್ಲುವುದು.

ಕಣ್ಣಿನ ಮುಂಭಾಗದ ಗಾಜಿನಂತಹ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ಆರೋಗ್ಯವಾದ ಪಟಲದಲ್ಲಿ ರಕ್ತನಾಳಗಳಿರುವುದಿಲ್ಲ. ಅದು ತಿಳಿಯಾಗಿರುವುದಕ್ಕೆ ಇದೂ ಒಂದು ಕಾರಣ. ಬಾವು ಬಂದಾಗ ಪಟಲವು ನೀರನ್ನು ಹೀರಿ ಮಂಜಾಗುವುದು. ಬಾವು ಇಳಿದರೆ ಈ ಮಂಜು ಬಹುಮಟ್ಟಿಗೆ ಹೋಗುವುದು. ಹುಣ್ಣು ಆಳವಾಗಿದ್ದರೆ ಮಾಯ್ದ ಸ್ಥಳದಲ್ಲಿ ಕಲೆಯು ಉಳಿಯುವುದು.

ಮೂರನೆಯದು ಕೊಬ್ಬಿನ ಬಿಳುಪು. ಬಾವು ಬಹುಕಾಲ ನಿಂತರೆ ಪಟಲದ ಅಂಚಿನಿಂದ ಹೊಸ ರಕ್ತನಾಳಗಳು ಒಳಕ್ಕೆ ಬೆಳೆಯುವುವು. ಅವುಗಳಿಂದ ರಕ್ತದ ಕೊಬ್ಬು ಸೋರಿ, ಪಟಲದಲ್ಲಿ ಕೆನೆಬಣ್ಣದ ಮಚ್ಚೆಯಾಗಿ ತಂಗುವುದು. ಮನುಷ್ಯರಲ್ಲಿಯೂ ನಾಯಿಗಳಲ್ಲಿಯೂ ಇದನ್ನು ವೈದ್ಯರು ವಿಶೇಷವಾಗಿ ಪರಿಶೀಲಿಸಿರುವರು. ಹೀಗೆ ತಂಗಿದ ಕೊಬ್ಬನ್ನು ಕರಗಿಸುವುದಾಗಿ ನಂಬತಕ್ಕ ಕಣ್ಣಿನ ಹನಿಮದ್ದು ಇಲ್ಲ. ಮನುಷ್ಯರಿಗಾದರೆ ನಾಳಗಳನ್ನು ಮುಚ್ಚುವ ಚಿಕಿತ್ಸೆಯೂ ಪಟಲವನ್ನು ಬದಲಿಸುವ ಶಸ್ತ್ರಕ್ರಿಯೆಯೂ ಉಂಟು. ಉಳುವ ಎತ್ತಿಗೆ ಇವು ದೊರೆಯುವುದು ದುರ್ಲಭ. ಆದುದರಿಂದ ಬಾವು ನಿಲ್ಲದಂತೆ ಮೊದಲೇ ನೋಡಿಕೊಳ್ಳುವುದೇ ಲೇಸು.

ದನಗಳಲ್ಲಿ ಸಾಂಕ್ರಾಮಿಕ ಕಣ್ಣುಬೇನೆಗೆ ಮೊರಾಕ್ಸೆಲ್ಲಾ ಬೋವಿಸ್ ಎಂಬ ಸೂಕ್ಷ್ಮಜೀವಿಯು ಮುಖ್ಯ ಕಾರಣ. ನೊಣಗಳು ಇದನ್ನು ಒಂದು ದನದ ಕಣ್ಣಿನಿಂದ ಮತ್ತೊಂದರ ಕಣ್ಣಿಗೆ ಒಯ್ಯುವುವು. ಬಿಸಿಲು, ಧೂಳು, ಹುಲ್ಲಿನ ಮುಳ್ಳು ಇವು ಪಟಲವನ್ನು ಗಾಯಗೊಳಿಸಿ ಬೇನೆಗೆ ದಾರಿಮಾಡುವುವು. ಕರುಗಳಿಗೆ ಇದು ಹೆಚ್ಚಾಗಿ ತಗಲುವುದು. ನೀರು ಸುರಿಯುವುದು, ಕಣ್ಣು ಮುಚ್ಚಿಕೊಳ್ಳುವುದು, ನೆರಳನ್ನು ಹುಡುಕುವುದು ಮೊದಲ ಗುರುತುಗಳು. ಕಣ್ಣಿನಲ್ಲಿ ಸೇರುವ ಹುಳುಗಳಿಂದಲೂ ಇಂತಹ ಗುರುತುಗಳು ತೋರಬಹುದು.

ಗುರುತು ಕಂಡ ದಿನವೇ ದನವನ್ನು ಬೇರ್ಪಡಿಸಿ ನೆರಳಿನಲ್ಲಿ ಕಟ್ಟತಕ್ಕದ್ದು. ಕುದಿಸಿ ಆರಿಸಿದ ನೀರಿನಿಂದ ಶುಚಿಯಾದ ಬಟ್ಟೆಯಲ್ಲಿ ಕಣ್ಣನ್ನು ಒರಸಿ, ಆ ಬಟ್ಟೆಯನ್ನು ಸುಡತಕ್ಕದ್ದು. ಅನಂತರ ಕೈಗಳನ್ನು ಸೋಪಿನಿಂದ ತೊಳೆಯತಕ್ಕದ್ದು. ಬೇರೆ ದನಕ್ಕೆ ಅದೇ ಬಟ್ಟೆ ಕೂಡದು. ಸಗಣಿಯನ್ನು ಕೊಟ್ಟಿಗೆಯಿಂದ ದೂರ ಸಾಗಿಸಿ ನೊಣಗಳನ್ನು ಕಡಮೆಮಾಡತಕ್ಕದ್ದು. ಪಶುವೈದ್ಯರನ್ನು ತಡಮಾಡದೆ ಕರೆಸತಕ್ಕದ್ದು. ಕಾಲದಲ್ಲಿ ಕೊಟ್ಟ ಜೀವಾಣುನಾಶಕ ಔಷಧಕ್ಕೆ ಈ ಬೇನೆಯು ಸಾಮಾನ್ಯವಾಗಿ ಬಗ್ಗುವುದು. ಉಪ್ಪು, ಸುಣ್ಣ, ಹೊಗೆಸೊಪ್ಪಿನ ರಸ ಇವುಗಳನ್ನು ಕಣ್ಣಿಗೆ ಹಾಕಲೇ ಕೂಡದು. ಇವು ಹುಣ್ಣನ್ನು ಆಳಮಾಡುವುವು. ಮನೆಯಲ್ಲಿ ಉಳಿದ ಹನಿಮದ್ದನ್ನೂ ಹಾಕಬಾರದು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಒಡೆದು ಕಣ್ಣೇ ಹೋಗಬಹುದು.

ಒಂದು ಮನೆಯ ಕೊಟ್ಟಿಗೆಯ ನೊಣವು ನೆರೆಮನೆಯ ಕೊಟ್ಟಿಗೆಗೂ ಹೋಗುವುದು. ಆದುದರಿಂದ ಗ್ರಾಮದ ಮುಖ್ಯಸ್ಥರು ಬೇನೆಯ ಸುದ್ದಿ ತಿಳಿದೊಡನೆ ಊರವರಿಗೆಲ್ಲ ತಿಳಿಸಿ, ರೋಗದ ದನವನ್ನು ಸಂತೆಗೂ ಗೋಮಾಳಕ್ಕೂ ಬಿಡದಂತೆ ನೋಡಿಕೊಳ್ಳಬೇಕು.