ತುಮ್ಮನಟ್ಟಿಗೆ ವೈನ್ ದ್ರಾಕ್ಷಿ ಒಗ್ಗೀತೇ?

ಚಹಾ ಸೊಪ್ಪಿನ ದರ ಬಿದ್ದಾಗಲೆಲ್ಲ ನೀಲಗಿರಿಯ ಬೆಳೆಗಾರನಿಗೆ ಒಂದೇ ಚಿಂತೆ: ಬೇರೆ ಏನು ಹಾಕೋದು? ವೈನಿಗೆ ಒದಗುವ ಕಪ್ಪು ದ್ರಾಕ್ಷಿ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಶ್ಯಾಮ್’ ಉಂಟು. ಬೆಂಗಳೂರು ಬ್ಲೂ, ಬ್ಲ್ಯಾಕ್ ಚಂಪಾ ಕೂಡಿಸಿದ ಈ ಮಿಶ್ರತಳಿ ಚಿಬ್ಬು ರೋಗವನ್ನು ತಾಳಿಕೊಳ್ಳುತ್ತದೆ.

ಆದರೆ ಸಸಿ ತರುವ ಮೊದಲು ಮಳೆ ಲೆಕ್ಕ ಹಾಕಿ. ಬಯಲುಸೀಮೆಯಲ್ಲಿ ಏಪ್ರಿಲ್‌ನಲ್ಲಿ ಬಳ್ಳಿ ಸವರಿ ಕಡ್ಡಿ ಬಲಿಸುತ್ತಾರೆ. ಅಕ್ಟೋಬರ್‌ನಲ್ಲಿ ಮತ್ತೆ ಸವರಿ ಫಸಲು ಹಿಡಿಸುತ್ತಾರೆ. ತುಮ್ಮನಟ್ಟಿಯಲ್ಲಿ ಅದೇ ಹೊತ್ತಿಗೆ ಹಿಂಗಾರು ಮಳೆ, ಮಂಜು. ಎಳೆ ಚಿಗುರು ಒದ್ದೆಯಾಗೇ ಇದ್ದರೆ ಡೌನಿ ರೋಗದ ಕಾಟ. ಚಳಿಯಲ್ಲಿ ಹಣ್ಣಿಗೆ ಸಿಹಿ ಕೂಡೋದೂ ತಡ.

ಚಹಾ ಕಿತ್ತು ಎಕರೆಗಟ್ಟಲೆ ಹಾಕಬೇಡಿ. ಹಿತ್ತಲಲ್ಲಿ ನಾಲ್ಕು ಬಳ್ಳಿ ಹಬ್ಬಿಸಿ, ಎರಡು ಹಿಂಗಾರು ನೋಡಿ. ಕೊಳ್ಳುವ ವೈನರಿ ಯಾವುದೆಂದು ಮೊದಲೇ ವಿಚಾರಿಸಿ. ಕೊಯ್ದ ಹಣ್ಣನ್ನು ದಿನಗಟ್ಟಲೆ ಇಡೋ ಹಾಗಿಲ್ಲ.